ಕಿನ್ನಿಗೆ ಸಿಕ್ಕಿದ ಗ್ರಹ

ಕೊಡಿಯಾಲ್‌ಬೈಲ್, ಮಂಗಳೂರು
ಫೆಬ್ರವರಿ ೧೯೩೬

ಪದ್ಮನಾಭಯ್ಯ ಮಾಸ್ಟ್ರಿಗೆ, ಕಿನ್ನಿಯ ಅಪ್ಪ ತುಕ್ರ ಮಾಡುವ ನಮಸ್ಕಾರ.

ನಿನ್ನೆ ತಾವು ಶಾಲೆಯ ಮೆಟ್ಟಿಲಲ್ಲಿ ಕುಂಬಳಕಾಯಿ ಇಟ್ಟು ಅದೇ ಸೂರ್ಯ ಎಂದಿರಂತೆ. ವಕೀಲರ ಮಗ ಬುಧನಾಗಿ ಅಂಗಳದಲ್ಲೇ ನಿಂತನಂತೆ. ನನ್ನ ಮಗಳ ಕೈಗೆ ಒಂದು ಕಡಲೆ ಕೊಟ್ಟು, ನೀನು ನೆಪ್ಚೂನ್ ಎಂದು ಗದ್ದೆಗಳ ಆಚೆಗೆ ಕಳುಹಿಸಿದಿರಿ.

ಸಂಜೆ ನಾನು ಹಂಚಿನ ಕಾರ್ಖಾನೆಯಿಂದ ಬರುವಾಗಲೂ ಅವಳು ಅಲ್ಲೇ ನಿಂತಿದ್ದಳು. "ಮಾಸ್ಟ್ರು ಕರೀಲಿಲ್ಲ ಅಪ್ಪ, ನಾನು ಹೇಗೆ ಬರುದು?" ಎಂದಳು. ಕಡಲೆ ಮುಷ್ಟಿಯಲ್ಲೇ ಇತ್ತು.

ಗ್ರಹಗಳ ದೂರ ಪುಸ್ತಕದಲ್ಲಿ ಇರಬಹುದು. ಯಾವ ಮಗು ಯಾವ ಗ್ರಹ ಎಂಬುದೂ ಅದರಲ್ಲಿ ಉಂಟೋ? ನಮ್ಮ ಕೇರಿಯವಳೆಂದು ದಿನವೂ ತಾವು ಅವಳೊಬ್ಬಳನ್ನೇ ಹೊರಗೆ ಜಗಲಿಯಲ್ಲಿ ಕೂರಿಸುವುದರಿಂದ ಕೇಳುತ್ತಿದ್ದೇನೆ.

ನಿನ್ನೆಯ ಸೂರ್ಯ ಪಾಠ ಮುಗಿದ ಮೇಲೆ ತಮ್ಮ ಅಡುಗೆಮನೆಗೆ ಹೋಯಿತೆಂದು ಮಕ್ಕಳು ಹೇಳಿದರು. ಮುಂದಿನ ಪಾಠಕ್ಕೆಂದು ಈ ಕಾಗದದ ಜೊತೆ ಕಳುಹಿಸಿದ ಕುಂಬಳಕಾಯಿ ನಮ್ಮ ಹಿತ್ತಿಲಿನದ್ದು. ಅದನ್ನು ಕಿನ್ನಿಯೇ ಹಿಡಿದು ನಿಲ್ಲಲಿ. ಆಮೇಲೆ ತಮ್ಮ ಮನೆಯ ಸಾಂಬಾರಿಗೆ ಆಗುವುದಾದರೆ ದಯವಿಟ್ಟು ಇಟ್ಟುಕೊಳ್ಳಿ. ಆಗದಿದ್ದರೆ ಅವಳ ಕೈಯಲ್ಲೇ ವಾಪಸು ಕಳುಹಿಸಿ. ಬೇರೆ ಉತ್ತರ ಬರೆಯುವ ತೊಂದರೆ ತಮಗೆ ಬೇಡ.

ಅವಳ ದಾರಿ ಕಾಯುವ,
ತುಕ್ರ