ಕಿಟಕಿ ಕೋಲಿನ ಸ್ಕ್ರೂಗಳು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಈ ಯಜಮಾನರು ಎನ್ನುವುದು ಬರವಣಿಗೆಗೆ ಮಾತ್ರ, ತಲೆಗೇರಿಸಿಕೊಳ್ಳಬೇಡಿ. ಹೇಗಿದ್ದೀರಿ? ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಆ ಗಾಜಿನ ಕಟ್ಟಡದ ಮೇಲೆ ನೇತಾಡಿ ಬೆನ್ನು ಹಿಡಿದುಕೊಂಡಿದೆ ಎಂದಿದ್ದಿರಿ, ಈಗ ವಾಸಿಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ತಾನೆ? ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ನಿಮ್ಮಪ್ಪನೂ ಚೆನ್ನಾಗಿಯೇ ಇದ್ದಾರೆ, ಅವರಿಂದಾಗಿ ನನ್ನ ತಲೆ ಮಾತ್ರ ಚೆನ್ನಾಗಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಮಾವ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮೊನ್ನೆ ನೀವು ಎಷ್ಟು ಸಲೀಸಾಗಿ "ಹಳೇ ಕೋಲು ಬಿಸಾಕು, ಹೊಸದು ತಗೊಳ್ಳೋಣ" ಎಂದಿರಿ. ಯಾರೋ ಕಿಟಕಿ ಒರೆಸುವ ಕೆಲಸವನ್ನೇ ಬಿಡುವಾಗ ನಮಗೆ ದಾಟಿಸಿಹೋದ ಆ ಉದ್ದ ಕೋಲುಗಳನ್ನು ಇಷ್ಟು ವರ್ಷ ಬದುಕಿಸಿಟ್ಟವಳು ನಾನು. ಕೆಲಸ ಮುಗಿದ ಮೇಲೆ ಒಂದರೊಳಗೊಂದು ಸೇರಿದ ಕೊಳವೆಗಳನ್ನೆಲ್ಲ ಬಿಚ್ಚಿ, ಮರಳಿನ ಕಣ ಉಳಿಯದಂತೆ ತೊಳೆದು, ನೆರಳಿನಲ್ಲಿ ಒಣಗಿಸುವುದು ನಾನು. ಫೈಬರ್ ಕೊಳವೆಯ ತುದಿಯಲ್ಲಿ ನಾರು ಎದ್ದು ಕೈಗೆ ಚುಚ್ಚತೊಡಗಿದಾಗ ಅದನ್ನು ಉಜ್ಜಿ, ಅಂಟು ಸವರಿ, ಟೇಪು ಸುತ್ತಿದ್ದೂ ನಾನೇ. ದೊಡ್ಡ ಕೋಲಿನ ಬುಡದ ಮುಚ್ಚಳ ಕಳೆದುಹೋದಾಗ ಏನು ಮಾಡಿದೆ ಗೊತ್ತೇ? ನೀವು ಮಾವನಿಗೆಂದು ತಂದು, ಅವರು ಒಂದು ದಿನವೂ ಮುಟ್ಟದ ಊರುಗೋಲಿನ ರಬ್ಬರು ಕಿತ್ತು ಹಾಕಿದೆ. ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿದೆ. ಆ ಕೋಲು ಇನ್ನೂ ಎಷ್ಟೋ ವರ್ಷ ಬಾಳುತ್ತದೆ, ನಿಮ್ಮಪ್ಪ ಅದನ್ನು ಬಾಳಲು ಬಿಟ್ಟರೆ.

ಗುರುವಾರದ ಕಥೆಯನ್ನು ಅವರು ನಿಮಗೆ ಅರ್ಧ ಹೇಳಿದ್ದಾರೆ, ಉಳಿದರ್ಧ ನನ್ನಿಂದ ಕೇಳಿ. ಹಲ್ಲಿನ ಡಾಕ್ಟರ ಕಟ್ಟಡದ ಮೇಲಿನ ಮಹಡಿಯ ಗಾಜು ತೊಳೆಯುತ್ತಿದ್ದೆವು. ಮಾವನ ಕೈಯಲ್ಲಿ ದೊಡ್ಡ ಕೋಲು, ನನ್ನ ಕೈಯಲ್ಲಿ ನೀರಿನ ಪೈಪು. ಇದ್ದಕ್ಕಿದ್ದಂತೆ ಮೇಲಿನ ಕೊಳವೆಗಳು ಸರ್ರನೆ ಒಳಕ್ಕೆ ಜಾರಿದವು. ಬ್ರಷ್ಷು ಗೋಡೆಗೆ ಬಡಿದು, ಸಿಡಿದು, ಬಾಗಿಲ ಬಳಿಯ ಹೂಕುಂಡಕ್ಕೆ ಬಿತ್ತು. ಕುಂಡ ಎರಡು ಹೋಳು. ಚೀಟಿ ಕೊಡುವ ಹುಡುಗಿ ಆಗಷ್ಟೇ ಆ ಬಾಗಿಲಿನಿಂದ ಹೊರಗೆ ಕಾಲಿಟ್ಟಿದ್ದಳು. ಡಾಕ್ಟರು ಕೂಗಾಡಲಿಲ್ಲ, ಇನ್ನೊಂದು ಸಲ ಹೀಗಾದರೆ ಬರಲೇಬೇಡಿ ಎಂದರು ಅಷ್ಟೆ. ಆ ಕೆಲಸ ಹೋದರೆ ಹೋಗಲಿ, ಯಾರದಾದರೂ ತಲೆ ಒಡೆದರೆ ಏನು ಗತಿ? ಇಷ್ಟೆಲ್ಲ ಆದ ಮೇಲೂ ನಿಮ್ಮಪ್ಪ ಹೇಳಿದ್ದು, "ಕೋಲು ಕೆಟ್ಟೋಗಿದೆ, ನಾನೇನು ಮಾಡ್ಲಿ." ಹಳೆಯ ಚಪ್ಪಲಿಗೂ ತಂತಿ ಬಿಗಿದು ಇನ್ನೊಂದು ವರ್ಷ ಮೆಟ್ಟುವ ಮನುಷ್ಯನ ಬಾಯಲ್ಲಿ ಬಂದ ಮಾತಿದು.

ನಾನು ಮೊದಲು ಎಣ್ಣೆಯ ಮೇಲೆ ಅನುಮಾನಪಟ್ಟೆ. ಅಲುಗಾಡುವುದಕ್ಕೆಲ್ಲ ಎಣ್ಣೆ ಬಿಡಬೇಕು ಎನ್ನುವುದು ಅವರ ಸಿದ್ಧಾಂತವಲ್ಲವೇ? ಹೊಲಿಗೆ ಯಂತ್ರದ ಎಣ್ಣೆಯನ್ನು ಕೊಳವೆಗಳಿಗೆ ಹಚ್ಚಿ ಕೂತಿದ್ದನ್ನು ಹಿಂದೊಮ್ಮೆ ನಾನೇ ಹಿಡಿದಿದ್ದೆ. ಎಣ್ಣೆ ಬಿದ್ದರೆ ದೂಳು ಮೆತ್ತಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿದ್ದೇನೆ. ಆದರೆ ಈ ಸಲ ಸೋಪು ಹಾಕಿ ತಿಕ್ಕಿದರೂ ಎಣ್ಣೆಯ ಜಿಡ್ಡೇ ಇರಲಿಲ್ಲ. ಕೊನೆಗೆ ನೋಡಿದರೆ, ಹಿಡಿ ಒತ್ತಿದಾಗ ಕೊಳವೆಗಳನ್ನು ಬಿಗಿಹಿಡಿಯುವ ಕ್ಲಾಂಪುಗಳ ಸ್ಕ್ರೂ ಸಡಿಲವಾಗಿದ್ದವು, ಒಂದಲ್ಲ, ಎಲ್ಲವೂ. ಬಿಗಿ ಮಾಡಿದೆ. ಮರುದಿನ ಮತ್ತೆ ಸಡಿಲ. ತಾನಾಗಿಯೇ ಸಡಿಲವಾಗುತ್ತದೋ ಏನೋ ಎಂದು, ಮಗಳ ಉಗುರುಬಣ್ಣದಿಂದ ಪ್ರತಿ ಸ್ಕ್ರೂ ತಲೆಯಿಂದ ಕ್ಲಾಂಪಿನವರೆಗೆ ಒಂದು ಗೆರೆ ಎಳೆದೆ. ಸ್ವಲ್ಪ ತಿರುಗಿದರೂ ಗೆರೆ ಮುರಿಯಬೇಕು. ನಾನು ಬಟ್ಟೆ ಒಣಗಹಾಕಿ ಬರುವಷ್ಟರಲ್ಲಿ ಎಲ್ಲ ಗೆರೆಗಳೂ ಮುರಿದಿದ್ದವು, ಎಲ್ಲವೂ ಒಂದೇ ಅಳತೆಗೆ. ಸ್ಕ್ರೂಡ್ರೈವರು ಮಾವನ ಜೇಬಿನಿಂದ ಇಣುಕುತ್ತಿತ್ತು.

ಕೇಳಿದರೆ "ನಾನು ಮುಟ್ಟೇ ಇಲ್ಲ" ಎನ್ನುತ್ತಾರೆ. ನಿನ್ನೆ ನನಗೂ ತಡೆಯಲಾಗಲಿಲ್ಲ, ದನಿ ಏರಿಸಿಬಿಟ್ಟೆ. ಅವರು ಮುಖ ಊದಿಸಿಕೊಂಡು ಒಳಗೆ ಹೋದರು. ಮಗಳು ಇಬ್ಬರ ಕಡೆಯೂ ಸೇರದೆ ಬಾಗಿಲಿನಲ್ಲಿ ನಿಂತಿದ್ದಳು. ನಾನು ಬಿಗಿ ಮಾಡುವುದು, ಅವರು ಸಡಿಲ ಮಾಡುವುದು, ಇದೇ ಸಂಸಾರವಾಗಿದೆ ಇಲ್ಲಿ. ನನ್ನ ಮಾತನ್ನು ಅವರು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ. ಆ ಸ್ಕ್ರೂಗಳ ತಂಟೆಗೆ ಹೋಗಬೇಡಿ ಎಂದು ನೀವೇ ಒಂದು ಮಾತು ಹೇಳಿ, ಮಗ ಹೇಳಿದರೆ ಕೇಳಿಯಾರು. ಹೊಸ ಕೋಲು ತಂದರೂ ಅದಕ್ಕೂ ಸ್ಕ್ರೂ ಇರುತ್ತದೆ, ಇವರ ಜೇಬಿನಲ್ಲಿ ಸ್ಕ್ರೂಡ್ರೈವರೂ ಇರುತ್ತದೆ.

ಹಗ್ಗವನ್ನು ದಿನಾ ನೀವೇ ನೋಡಿ ಕಟ್ಟಿಕೊಳ್ಳಿ, ಇನ್ನೊಬ್ಬರ ಮೇಲೆ ಬಿಡಬೇಡಿ. ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ, ಜೊತೆಗೆ ಒಂದು ಬಾಟಲಿ ಉಗುರುಬಣ್ಣದ ಬೇಡಿಕೆಯನ್ನೂ.

ಇಂತಿ ನಿಮ್ಮವಳು,
ಸದ್ಯಕ್ಕೆ ಕೋಲುಗಳ ಡಾಕ್ಟರು

ತಾ.ಕ.: ಕವರಿಗೆ ಹಾಕಿದ್ದ ಕಾಗದವನ್ನು ಮತ್ತೆ ತೆಗೆದಿದ್ದೇನೆ. ಹಿಂದಿನ ಜಗಲಿಯಲ್ಲಿ ಸದ್ದಾಯಿತೆಂದು ಈಗಷ್ಟೇ ಹೋಗಿ ನೋಡಿದೆ. ನಾನು ಬಿಗಿ ಮಾಡಿಟ್ಟ ಕ್ಲಾಂಪಿನ ಹಿಡಿಯನ್ನು ಮಾವ ಎರಡೂ ಕೈಯಿಂದ ಒತ್ತುತ್ತಿದ್ದರು, ಅದು ಕೂರುತ್ತಿರಲಿಲ್ಲ. ಮೊಣಕಾಲು ಕೊಟ್ಟು ಒತ್ತಿದರು, ಆಗಲೂ ಇಲ್ಲ. ನನ್ನನ್ನು ನೋಡಿ ಕೋಲನ್ನು ನನ್ನ ಕೈಗೇ ಕೊಟ್ಟರು. "ನೀನೇ ಹಾಕಮ್ಮ. ಚಳಿಗಾಲದಿಂದ ಹೆಬ್ಬೆರಳು ಮಡಚ್ತಾ ಇಲ್ಲ. ಸ್ಕ್ರೂ ಸಡಿಲ ಮಾಡಿದ್ರೇನೇ ಈ ಹಿಡಿ ನನ್ನ ಕೈಗೆ ಬಗ್ಗೋದು. ಅವನಿಗೆ ಹೇಳ್ಬೇಡ" ಎಂದರು. ಹೇಳುತ್ತಿದ್ದೇನೆ. "ನಾಳೆಯಿಂದ ಕೋಲು ನಾನು ಹಿಡೀತೀನಿ, ನೀವು ನೀರು ನೋಡ್ಕೊಳ್ಳಿ" ಎಂದೆ ಮಾವನಿಗೆ. ಟೀಗೆ ಸಕ್ಕರೆ ಎಷ್ಟು ಎಂಬುದಕ್ಕೂ ವಾದ ಹೂಡುವ ಮನುಷ್ಯ "ಆಯ್ತಮ್ಮ" ಎಂದು ಹೋಗಿ ಕೂತುಬಿಟ್ಟರು. ನನಗೆ ಭಯವಾಗುತ್ತಿದೆ. ಅವರನ್ನು ಬಯ್ಯಲು ಇನ್ನು ನನ್ನಿಂದಾಗದು. ರಜೆ ಹಾಕಿ ಬನ್ನಿ, ಬಂದು ನೀವಾದರೂ ಅವರ ಜೊತೆ ಒಂದು ಜಗಳ ತೆಗೆಯಿರಿ.