ನಾಲ್ಕು ನಲವತ್ತಕ್ಕೆ ನೀರು, ಆಮೇಲೆ ಸಹಿ

ಅಪ್ಪಾ,

ಅತ್ತೆಯ ಜೊತೆ ಕುಮಟೆಗೆ ಹೊರಟಿದ್ದೇನೆ, ರಾತ್ರಿ ಊಟಕ್ಕೆ ಬರುತ್ತೇನೆ. ನನ್ನ ಪಿಯುಸಿ ಅರ್ಜಿ ದೇವರ ಫೋಟೋದ ಹಿಂದಿದೆ. ನಾಳೆಯೇ ಕಡೇ ದಿನ, ನಿನ್ನ ಸಹಿ ಬೇಕು. ನೀನು ಪೆನ್ಸಿಲ್ಲಿನಲ್ಲಿ ಬರೆಸಿದ್ದ ಆರ್ಟ್ಸ್ ಅಳಿಸಿ ಪಿಸಿಎಂಬಿ ಬರೆದಿದ್ದೇನೆ. ಸಿಟ್ಟಾಗಬೇಡ, ಪೂರ್ತಿ ಓದು.

"ಲೆಕ್ಕ ಕಲ್ತು ನೀ ಎಂತ ಮಾಡ್ತಿ?" ಅಂದೆಯಲ್ಲ. ತಿಥಿ ಎಣಿಸಿ ನದಿಯಲ್ಲಿ ನೀರೇರುವ ಹೊತ್ತು ಹೇಳುತ್ತೀಯಲ್ಲ, ಅದು ಲೆಕ್ಕ ಅಲ್ಲದೆ ಮತ್ತೆಂತ? ನಿನ್ನಿಂದಲೇ ಕಲಿತೆ. ಈ ರಜೆಯಿಡೀ ದಿನಾ ಆ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಮೊನ್ನೆ ಚೌತಿ ತಿಥಿಗೆ ಇನ್ನರ್ಧ ತಾಸು ಕಾಯಿ ಅಂತ ನಾನು ಅಂದೆ. ನೀನು ಕೇಳಲಿಲ್ಲ, ದೋಣಿ ಅಳಿವೆಯ ಮರಳಿನಲ್ಲಿ ಕೂತಿತು. ಅಮ್ಮನಿಗೆ ಇನ್ನೂ ಹೇಳಿಲ್ಲ.

ಬಂಗಡೆ ಸಾರು ಮುಚ್ಚಿಟ್ಟಿದ್ದೇನೆ. ಬೆಕ್ಕು ಒಳಗೇ ಇದೆ, ಉಂಡ ಮೇಲೆ ಮರೆಯದೆ ಮುಚ್ಚು.

ಇವತ್ತು ನೀರು ತುಂಬುವುದು ನಾಲ್ಕು ನಲವತ್ತಕ್ಕೆ. ದಡದಲ್ಲಿ ನಿಂತು ನೀನೇ ನೋಡಿ ಬಾ, ಆಮೇಲೆ ಸಹಿ ಹಾಕು. ನನ್ನ ಹೊತ್ತು ತಪ್ಪಿದರೆ ಆರ್ಟ್ಸೇ ಆತು, ಎದುರಾಡುವುದಿಲ್ಲ.

ಆದರೆ ಪಿಸಿಎಂಬಿಯನ್ನು ಪೆನ್ನಿನಲ್ಲೇ ಬರೆದಿದ್ದೇನೆ.

ದೀಕ್ಷಾ