ಬೆಲ್ಲ ಹಾಕದ ನೀರು

ಬೈಂದೂರು
೨೨ ಏಪ್ರಿಲ್ ೨೦೨೫

ಮುದ್ದಿನ ನಿಶ್ಮಿತಾ,

ಅಮ್ಮ ಫೋನು ಬಿಟ್ಟು ಕಾಗದ ಬರೆದಳೆಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಹೇಳಬೇಕಾದ್ದನ್ನು ನುಂಗಿಬಿಡುತ್ತೇನೆ. ಕೊಕ್ಕರ್ಣೆಯ ಸಂಬಂಧ ತಪ್ಪಿಹೋಯಿತು ಮಗಾ.

ನಿನ್ನ ಅಣ್ಣ ರಂಜನ್ ಹುಡುಗಿಯನ್ನು ಒಪ್ಪಿದ್ದ, ಅವಳೂ ಒಪ್ಪಿದ್ದಳು. ಅವಳ ಅಪ್ಪ ರಾಜೀವಣ್ಣ ನಮ್ಮ ಮನೆ ನೋಡಲು ಬರುವುದೊಂದೇ ಬಾಕಿ. ಅಷ್ಟರಲ್ಲಿ ಕುಂದಾಪುರದಲ್ಲಿ ನಿನ್ನ ಪ್ರದರ್ಶನ ಶುರುವಾಯಿತು. ಮಗಳ ಬಗ್ಗೆ ಜಂಬ ಕೊಚ್ಚದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲವಲ್ಲ, ನಾನೇ ಅವರಿಗೆ ಫೋನು ಮಾಡಿ ಹೋಗಿ ನೋಡಿ ಬನ್ನಿ ಎಂದೆ. ನಮ್ಮೂರ ಬಾವಿಗಳ ನೀರನ್ನು ಗಾಜಿನ ಲೋಟಗಳಲ್ಲಿ ಸಾಲಾಗಿಟ್ಟು, ಮನೆಯವರ ಹೆಸರು ಬರೆದು, ಬಂದವರಿಗೆ ಚಮಚದಲ್ಲಿ ಉಪ್ಪಿನ ರುಚಿ ತೋರಿಸುತ್ತೀಯ ಎಂದು ಗೊತ್ತಿತ್ತು. ಆದರೂ ನಮ್ಮ ಲೋಟದ ಬಗ್ಗೆ ನನಗೆ ಅದೇನೋ ಧೈರ್ಯ.

ರಾಜೀವಣ್ಣ ಎಲ್ಲ ಬಿಟ್ಟು ನನ್ನ ಹೆಸರಿನ ಲೋಟವನ್ನೇ ಹುಡುಕಿದರಂತೆ. ಮರುದಿನ ಫೋನು ಬಂತು. "ಮಾಣಿ ಒಳ್ಳೆಯವ ಸುಗಂಧಿಯಕ್ಕ, ನಿಮ್ ಬಗ್ಗೆ ಎಂತದೂ ಇಲ್ಲೆ. ಆರೆ ಕುಡುಕೆ ನೀರಿಲ್ದಿದ್ ಮನಿಗ್ ಹೆಣ್ಣ್ ಹ್ಯಾಂಗ್ ಕೊಡುದ್?" ಎಂದರು. ಜಗಳ ಮಾಡೋಣವೆಂದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿದೆ?

ಪಂಚಾಯ್ತಿಯಲ್ಲಿ ನೀನು ಪರದೆ ಕಟ್ಟಿ, ಭೂಮಿ ಬಿಸಿಯಾಗುತ್ತಿದೆ, ಕಡಲು ಏರುತ್ತಿದೆ, ಉಪ್ಪು ನಮ್ಮ ಬಾವಿಗೇ ಬರುತ್ತದೆ ಎಂದು ವಿವರಿಸಿದಾಗ ಊರೆಲ್ಲ ತೂಕಡಿಸುತ್ತಿತ್ತು, ನಾನೂ ಸೇರಿ. ಈಗ ನೋಡು. ನಮ್ಮ ಸುದ್ದಿ ಹರಡಿದ ಸಂಜೆಯೇ ಪಕ್ಕದ ಮನೆಯ ಬಾಗಿಯಕ್ಕ ಬಂದು ಜಗಲಿಯಲ್ಲಿ ಕುಳಿತಳು. "ನಮ್ಮನಿದೂ ಹಾಂಗೇ ಮರಾಯ್ತಿ. ಹೇಳುಕೆ ನಾಚ್ಕಿ ಆಯಿ, ನೆಂಟ್ರ್ ಬಂದ್ರೆ ಬೆಲ್ಲ ಜಾಸ್ತಿ ಕೊಡ್ತಿದ್ದೆ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಾಯಿಬಿಟ್ಟರು. ಬಾಯಾರಿ ಬಂದವರಿಗೆ ಬೆಲ್ಲ-ನೀರು ಕೊಡುವ ನಮ್ಮ ಮರ್ಯಾದೆಯಲ್ಲೇ ಇಷ್ಟು ವರ್ಷ ಉಪ್ಪನ್ನು ಮುಚ್ಚಿಟ್ಟಿದ್ದೆವು. ನಿನ್ನ ಒಂದು ಚಮಚ ನೀರು ಊರನ್ನು ಮಾತಾಡಿಸಿತು, ಹೆಮ್ಮೆಪಡು. ಆದರೆ ಮಾತಾಡಿ ಮುಗಿಸಿ ಎಲ್ಲರೂ ಅದೇ ಬಾವಿಗೆ ಕೊಡಪಾನ ಇಳಿಸಿದರು. ಬೇರೆ ಏನು ಮಾಡುವುದೆಂದು ಒಬ್ಬರಿಗೂ ಗೊತ್ತಿಲ್ಲ. ಕಡಲಿಗೆ ಬುದ್ಧಿ ಹೇಳುವವರು ಯಾರು?

ಪ್ರದರ್ಶನ ಮೈಸೂರಿಗೆ ಹೋಗುವ ಮೊದಲು ನಮ್ಮ ಲೋಟದ ಹೆಸರು ಅಳಿಸಿಬಿಡು ಎಂದು ಕೇಳಲಿಕ್ಕೇ ಈ ಕಾಗದ ಶುರುಮಾಡಿದ್ದು. ರಂಜನನಿಗೆ ಹೇಳಿದೆ. ಅವನು ಬೈಕಿಗೆ ನೀರಿನ ಕ್ಯಾನು ಕಟ್ಟುತ್ತಿದ್ದ. ತಿರುಗಿಯೂ ನೋಡದೆ, "ಹೆಸ್ರ್ ಅಳ್ಸಿರೆ ಬಪ್ಪ ಹೆಣ್ಣ್ ಎಂತ ಕುಡಿಯುದ್ ಅಮ್ಮಾ?" ಎಂದ. ಹೆಸರು ಅಲ್ಲೇ ಇರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಸುಗಂಧಿ

ಬರೆಯದೆ ಬಿಟ್ಟದ್ದು: ಪ್ರದರ್ಶನಕ್ಕೆ ಬೆಲ್ಲ ಹಾಕದ ನೀರೇ ಬೇಕು ಎಂದು ನೀನು ಹೇಳಿ ಹೇಳಿ ಕೇಳಿದ್ದೆ. ಬೆಲ್ಲವಾದರೆ ಬಣ್ಣದಿಂದ ಗೊತ್ತಾಗುತ್ತದೆ ಎಂದು ನಾನು ಸಕ್ಕರೆ ಕದಡಿ ಕೊಟ್ಟಿದ್ದೆ, ಧಾರಾಳವಾಗಿಯೇ. ಆದರೂ ರಾಜೀವಣ್ಣನ ಬಾಯಿಗೆ ಉಪ್ಪೇ ಹತ್ತಿತಂತೆ.